ಚಪ್ಪಲಿ ಪಾಳಿಯಲ್ಲಿ ಬಂದ ಹಾರ್ಟ್ ಅಟ್ಯಾಕ್

ಹುಣಸಗಿಯ ಕಾಲುವೆ ಗ್ಯಾಂಗ್‌ಮನ್ ಅಯ್ಯಣ್ಣನಿಗೆ ದೇವರ ಮೇಲೆ ಎಷ್ಟು ಭಕ್ತಿಯಿತ್ತೋ ನಮಗೆ ಗೊತ್ತಿಲ್ಲ. ಪಾಳಿಯ ಮೇಲಿನ ಭಕ್ತಿಯನ್ನಂತೂ ಇಡೀ ಊರು ಕಂಡಿತ್ತು. ಅವನು ನೋಡಿಕೊಳ್ಳುತ್ತಿದ್ದ ಉಪಕಾಲುವೆಗೆ ಹದಿನೇಳು ತೂಬು. ಯಾವ ತೂಬಿಗೆ ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ನೀರು ಎಂಬುದೆಲ್ಲ ಅವನಿಗೆ ಬಾಯಿಪಾಠ. ಯಾರಾದರೂ ಕಾಲು ಗಂಟೆ ಮೊದಲು ತೂಬಿಗೆ ಕೈ ಹಾಕಿದರೆ ಸಾಕು, ಸೈಕಲ್ ಏರಿ ಬಂದು ಕಾಲುವೆಯ ಏರಿ ಮೇಲೆ ನಿಂತು, "ಪಾಳಿ ಅಂದ್ರ ಪಾಳಿ! ಅದ್ರಾಗ ದೊಡ್ಡವ್ರು ಸಣ್ಣವ್ರು ಇಲ್ಲ!" ಎಂದು ಕೂಗುತ್ತಿದ್ದ. ಮೊದಲ ತೂಬಿನ ದೊಡ್ಡ ರೈತ ಜಗದೇವಪ್ಪ ಅವನಿಗೆ 'ಪಾಳಿ ಸಾಹೇಬ' ಎಂದು ಹೆಸರಿಟ್ಟಿದ್ದ. ಅದು ಅಣಕದ ಹೆಸರೆಂದು ಎಲ್ಲರಿಗೂ ಗೊತ್ತಿತ್ತು. ಅಯ್ಯಣ್ಣನೊಬ್ಬ ಅದನ್ನು ಬಿರುದೆಂದು ತಿಳಿದಿದ್ದ.

ಇಂಥ ಮನುಷ್ಯ ತನ್ನ ಐವತ್ತೆರಡು ವರ್ಷದ ಬದುಕಿನಲ್ಲಿ ಒಂದೇ ಒಂದು ಸಲ ಪಾಳಿ ತಪ್ಪಿಸಿದ. ಅದಕ್ಕೆ ಕಾರಣ ಜಮಾಲಸಾಬನ ಮಿರ್ಚಿ ಭಜಿ.

ಸುರಪುರದ ಕಡೆಯ ಒಂದು ದವಾಖಾನೆಯವರು ಹುಣಸಗಿಯ ಶಾಲೆಯ ಪಡಸಾಲೆಯಲ್ಲಿ ಪುಕ್ಕಟೆ ಹೃದಯ ತಪಾಸಣೆ ಇಟ್ಟಿದ್ದರು. ಅಯ್ಯಣ್ಣನಿಗೆ ಹೃದಯದ ತಕರಾರೇನೂ ಇರಲಿಲ್ಲ. ದಿನಾ ಸಂಜೆ ಆರು ಮಿರ್ಚಿ ತಿಂದ ಮೇಲೆ ಎದೆ ಉರಿಯುತ್ತಿತ್ತು, ಅಷ್ಟೆ. ಪುಕ್ಕಟೆ ಇದೆ, ಎದುರಿಗೇ ಜಮಾಲಸಾಬನ ಬಂಡಿಯೂ ಇದೆ ಎಂದು ಹೋದ.

ನಮ್ಮ ಕಡೆ ಪಾಳಿಯಲ್ಲಿ ಮನುಷ್ಯ ನಿಲ್ಲುವುದಿಲ್ಲ, ಅವನ ಚಪ್ಪಲಿ ನಿಲ್ಲುತ್ತದೆ. ಬಿಸಿಲಿನಲ್ಲಿ ಚಪ್ಪಲಿಯನ್ನು ಸಾಲಾಗಿ ಬಿಟ್ಟು, ಯಜಮಾನರು ಬೇವಿನ ಗಿಡದ ನೆರಳಿಗೆ ಹೋಗಿ ಕೂಡುತ್ತಾರೆ. ಆವತ್ತೂ ಹಾಗೆಯೇ ಆಯಿತು. ಕಂಪ್ಯೂಟರಿನ ನೀಲಕಂಠ ಎಂಬವನು ಲ್ಯಾಪ್‌ಟಾಪ್ ಹಿಡಿದು ಸಾಲಿನುದ್ದಕ್ಕೂ ಬಂದ. "ಈ ಚಪ್ಪಲಿ ಯಾರದ?" ಎನ್ನುವನು, ನೆರಳಿನಿಂದ ಯಾರೋ ಹೆಸರು ಕೂಗುವರು, ಇವನು ಟೈಪು ಮಾಡುವನು. ಅಯ್ಯಣ್ಣನದು ಹದಿನೈದನೇ ನಂಬರು. ಆಮೇಲೆ ಒಳಗಿನ ನರ್ಸಮ್ಮ ಚಪ್ಪಲಿ ಇದ್ದ ಕ್ರಮದಲ್ಲೇ ಒಬ್ಬೊಬ್ಬರನ್ನು ಕರೆದು, ಎದೆಗೆ ವೈರು ಹಚ್ಚಿ ಇಸಿಜಿ ತೆಗೆಯುವಳು. ಆ ಪಟ್ಟಿ ಕಂಪ್ಯೂಟರಿನಲ್ಲಿ ಅದೇ ನಂಬರಿನ ಹೆಸರಿಗೆ ಹೋಗಿ ಸೇರುವುದು. ಚಪ್ಪಲಿ ಸರಿ ಇದ್ದರೆ ಎಲ್ಲ ಸರಿ. ಹೆಸರು ಕೇಳುವ ಪ್ರಮೇಯವೇ ಇಲ್ಲ.

ಹದಿಮೂರನೆಯವನು ಒಳಗೆ ಹೋದಾಗ ಎದುರಿಗೆ ಜಮಾಲಸಾಬ ಮೊದಲ ಘಾಣದ ಮಿರ್ಚಿ ಎಣ್ಣೆಗೆ ಬಿಟ್ಟ. ಚುಂಯ್ ಎಂಬ ಸದ್ದು ಪಡಸಾಲೆಯವರೆಗೂ ಬಂತು. ಅಯ್ಯಣ್ಣ ತನ್ನ ಮುಂದಿನ ಚಪ್ಪಲಿಯನ್ನು ನೋಡಿದ. ಟಾಯರಿನ ಹಳೆ ಚಪ್ಪಲಿ. ಎಡಗಾಲಿನದರ ಉಂಗುಟದ ಬಾರು ಹರಿದಿದ್ದಕ್ಕೆ ಹಳದಿ ಕರೆಂಟ್ ವೈರು ಸುತ್ತಿತ್ತು. ಅದರ ಯಜಮಾನ ಗಿಡದ ಕೆಳಗೆ ಮುಖದ ಮೇಲೆ ಟವೆಲ್ ಹೊದ್ದು ಮಲಗಿದಂತಿತ್ತು. ಅಯ್ಯಣ್ಣ ಅತ್ತಿತ್ತ ನೋಡಿ, ಕಾಲಿನಿಂದಲೇ ಆ ಚಪ್ಪಲಿಯನ್ನು ಒಂದು ಮೊಳ ಹಿಂದಕ್ಕೆ ಸರಿಸಿ, ತನ್ನದನ್ನು ಮುಂದಕ್ಕೆ ತಳ್ಳಿದ. ಒಳಗೆ ಹೋಗಿ ವೈರು ಹಚ್ಚಿಸಿಕೊಂಡು ಬಂದು, ಬಿಸಿ ಇರುವಾಗಲೇ ಆರು ಮಿರ್ಚಿ ತಿಂದ.

ಎರಡು ಗಂಟೆ ಕಳೆದು ದೊಡ್ಡ ಡಾಕ್ಟರು ಹೆಸರು ಹಿಡಿದು ಕರೆದರು. ಇಸಿಜಿ ಪಟ್ಟಿ ನೋಡಿ ಕನ್ನಡಕ ಮೇಲೇರಿಸಿದರು.

"ಅಯ್ಯಣ್ಣ, ನಿಮಗ ಒಂದ್ಸಲ ಹಾರ್ಟ್ ಅಟ್ಯಾಕ್ ಆಗಿ ಹೋಗ್ಯದ."

"ಯಾವಾಗ್ರಿ?" ಎಂದ ಅಯ್ಯಣ್ಣ, ಬಾಯಿ ಒರೆಸಿಕೊಳ್ಳುತ್ತ.

"ಯಾವಾಗೋ. ನಿಮಗ ಗೊತ್ತಾಗಿಲ್ಲ. ಭಾರದ ಕೆಲಸ ಮಾಡಬ್ಯಾಡ್ರಿ, ಉಪ್ಪು ಕಡಿಮಿ ಮಾಡ್ರಿ, ಎಣ್ಣಿದ್ದು ಮುಟ್ಟಬ್ಯಾಡ್ರಿ. ಗುಳಿಗಿ ಕೊಡ್ತೀನಿ."

ಅಯ್ಯಣ್ಣ ಸೈಕಲ್ ತಳ್ಳಿಕೊಂಡು ಮನೆಗೆ ಬಂದ. ಏರಲು ಧೈರ್ಯ ಸಾಲಲಿಲ್ಲ. ಹೆಂಡತಿ ಮಲಕಮ್ಮ ಸುದ್ದಿ ಕೇಳಿ ಮೊದಲು ಅತ್ತಳು, ಆಮೇಲೆ ಉಪ್ಪಿನ ಡಬ್ಬಿಯನ್ನು ನೆರೆಮನೆಗೆ ಕೊಟ್ಟು ಬಂದಳು. ಡಬ್ಬಿ ಹೋದ ದಾರಿಯಲ್ಲೇ ಸುದ್ದಿಯೂ ಹೋಯಿತು.

ಮರುದಿನದಿಂದ ಮಾತಾಡಿಸುವವರ ಸಾಲು. ದೋರನಹಳ್ಳಿಯಿಂದ ಅಕ್ಕ ಅಂಬವ್ವ ಬಸ್ಸಿಳಿದವಳೇ ಓಣಿಯ ತುದಿಯಿಂದ ದನಿ ತೆಗೆದು ಅತ್ತುಕೊಂಡು ಬಂದಳು. ಮನೆಯ ಬಾಗಿಲಲ್ಲಿ ತಮ್ಮ ಕೂತು ಚಹಾ ಕುಡಿಯುವುದನ್ನು ಕಂಡು ಸ್ವಲ್ಪ ನಿರಾಶೆಯಾದರೂ ಅಳು ನಿಲ್ಲಿಸಲಿಲ್ಲ. ಬಂದವರೆಲ್ಲ ಬ್ರೆಡ್ಡು, ಬಿಸ್ಕತ್ತು ತಂದರು. ಪ್ರತಿಯೊಬ್ಬರೂ ತಮಗೆ ಗೊತ್ತಿದ್ದ ಒಬ್ಬನಾದರೂ ಹೀಗೇ ಚಹಾ ಕುಡಿಯುತ್ತ ಕೂತವನು ಕೂತಲ್ಲೇ ಹೋದ ಕಥೆ ಹೇಳಿ, "ನೀ ಏನೂ ಮನಸಿಗಿ ಹಚ್ಕೋಬ್ಯಾಡ ಮತ್ತ" ಎಂದು ಎದ್ದು ಹೋದರು.

ಮೊದಲ ವಾರ ಅಯ್ಯಣ್ಣನಿಗೆ ನಿಜವಾಗಿಯೂ ಜೀವ ಹಾರಿತ್ತು. ಎರಡನೇ ವಾರ ಒಂದು ವಿಚಿತ್ರ ಗಮನಿಸಿದ. ಕಾಲುವೆಯ ಮೇಲೆ ಜಗಳವೇ ನಿಂತುಹೋಗಿತ್ತು. ಮೂರನೇ ತೂಬಿನವನೊಬ್ಬ ಹೊತ್ತಿಗೆ ಮೊದಲೇ ತೂಬು ತೆಗೆದಾಗ ಅಯ್ಯಣ್ಣ ಕೂಗುವುದಕ್ಕೆಂದು ಎದೆಯ ಮೇಲೆ ಕೈ ಇಟ್ಟು ಉಸಿರು ಎಳೆದುಕೊಂಡ, ಅಷ್ಟೆ. ಆ ರೈತ ಗಾಬರಿಯಾಗಿ ತೂಬು ಮುಚ್ಚಿ, "ಸಿಟ್ಟಿಗೇಳಬ್ಯಾಡ್ರಿ ಸಾಹೇಬ್ರ, ಕೂಡ್ರಿ, ನೀರು ಕುಡೀರಿ" ಎಂದು ನೆರಳಿಗೆ ಕರೆದೊಯ್ದ. ಜಗದೇವಪ್ಪ ಕೂಡ, "ಹಾರ್ಟಿನ ಮನುಷ್ಯಾ, ಅವನ ಕೂಡ ವಾದ ಬ್ಯಾಡ. ನಮ್ಮ ಹೊಲದಾಗ ಏನರ ಆದ್ರ ಯಾರು ಉತ್ತರ ಕೊಡೋರು?" ಎಂದು ತನ್ನ ಆಳುಗಳಿಗೆ ತಾಕೀತು ಮಾಡಿದ.

ಇಲಾಖೆಯ ಎಷ್ಟೋ ನೋಟೀಸಿನಿಂದ ಆಗದ ಕೆಲಸ ಎದೆಯ ಮೇಲಿನ ಒಂದು ಕೈಯಿಂದ ಆಗತೊಡಗಿತು. ಕಾಲುವೆಯ ಕೊನೆಯ ತೂಬಿಗೆ, ಅಂದರೆ ಹದಿನೇಳನೆಯದಕ್ಕೆ, ಆ ತಿಂಗಳು ಆರು ವರ್ಷದಲ್ಲಿ ಮೊದಲ ಬಾರಿಗೆ ನೀರು ಮುಟ್ಟಿತೆಂದು ಸುದ್ದಿ ಬಂತು. ಆ ತೂಬಿನ ರೈತ ಯಾರೆಂಬುದೇ ಅಯ್ಯಣ್ಣನಿಗೆ ಗೊತ್ತಿರಲಿಲ್ಲ. ನೀರೇ ಹೋಗದ ಕಡೆಗೆ ಗ್ಯಾಂಗ್‌ಮನ್ ಯಾಕೆ ಹೋಗುತ್ತಾನೆ? ಅಟ್ಯಾಕ್ ಒಂದು ಒಳ್ಳೆಯ ವಸ್ತು, ಇನ್ನೂ ಮೊದಲೇ ಬರಬೇಕಿತ್ತು ಎಂದು ಅವನಿಗೆ ಅನ್ನಿಸಿತು. ಮಿರ್ಚಿ ಇಲ್ಲದ ದುಃಖ ಒಂದೇ. ಸಂಜೆ ಜಮಾಲಸಾಬನ ಬಂಡಿಯ ಎದುರು ನಿಂತು ವಾಸನೆ ತೆಗೆದುಕೊಂಡು ಬರುತ್ತಿದ್ದ. "ವಾಸನಿಗಿ ಉಪ್ಪು ಇರಲ್ಲ, ಬೇಕಾದಷ್ಟು ತಗೋರಿ" ಎನ್ನುತ್ತಿದ್ದ ಜಮಾಲಸಾಬ.

ಮೂರು ವಾರ ಕಳೆದ ಮೇಲೆ ಒಂದು ಮುಂಜಾನೆ ಮನೆಯ ಮುಂದೆ ಜೀಪು ನಿಂತಿತು. ಯಾದಗಿರಿಯ ಒಬ್ಬ ಡಾಕ್ಟರಮ್ಮ, ಹಿಂದೆ ಲ್ಯಾಪ್‌ಟಾಪ್ ಹಿಡಿದ ನೀಲಕಂಠ. ಆ ದಿನ ಅಂಬವ್ವ ಮತ್ತೊಮ್ಮೆ ಬಂದಿದ್ದಳು. ನೆರೆಯವರು ಏಳೆಂಟು ಮಂದಿ ಇದ್ದರು.

"ತಪಾಸಣೆಯೊಳಗ ಹನ್ನೊಂದು ಮಂದಿಗಿ ಹಾರ್ಟ್ ಅಟ್ಯಾಕ್ ಆಗ್ಯದ ಅಂತ ಕಂಪ್ಯೂಟರಿನ್ಯಾಗ ಬಂದದ. ಅದು ಖರೇನೋ ಅಲ್ಲೋ ನೋಡಾಕ ಮನಿಮನಿಗಿ ಹೊಂಟೀವಿ," ಎಂದಳು ಡಾಕ್ಟರಮ್ಮ.

"ಖರೇನೇರಿ," ಎಂದಳು ಅಂಬವ್ವ. "ನಾ ಎರಡು ಸಲ ಬಂದು ಅತ್ತೀನಿ."

ಡಾಕ್ಟರಮ್ಮ ನಕ್ಕು ಮಿಷಿನ್ ತೆಗೆದಳು. ಅಯ್ಯಣ್ಣನ ಎದೆಗೆ ವೈರು ಹಚ್ಚಿದಳು. ಪಟ್ಟಿ ಬಂತು. ನೋಡಿದಳು. ಮತ್ತೊಂದು ತೆಗೆದಳು. ಅವನ ಕಥೆಯನ್ನೆಲ್ಲ ಕೇಳಿದಳು. ಕೊನೆಗೆ, "ಯಜಮಾನ್ರ, ನಿಮಗ ಅಟ್ಯಾಕ್ ಆಗೇ ಇಲ್ಲ. ನಿಮ್ಮ ಹೃದಯ ಛಲೋ ಅದ," ಎಂದಳು.

ಮಲಕಮ್ಮ ಗೋಡೆಗೊರಗಿ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಮೂರು ವಾರದಿಂದ ನಿದ್ದೆಯಿಲ್ಲದೆ ಗಂಡನ ಮೂಗಿನ ಮುಂದೆ ಕೈ ಹಿಡಿದು ಉಸಿರು ನೋಡುತ್ತಿದ್ದವಳು ಅವಳು. ಈಗ ಅತ್ತದ್ದು ಸಂತೋಷಕ್ಕೆ. ಉಳಿದವರಿಗೆ ಮಾತ್ರ ಮೋಸಹೋದ ಹಾಗಾಯಿತು.

"ಆಗೇ ಇಲ್ಲ ಅಂದ್ರ?" ಅಂಬವ್ವ ಸೊಂಟದ ಮೇಲೆ ಕೈಯಿಟ್ಟಳು. "ದೋರನಹಳ್ಳಿ ತುಂಬಾ ಹೇಳೀನಿ. ಈಗ ನಾ ಯಾವ ಮುಖ ಇಟ್ಕೊಂಡು ಹೋಗ್ಲಿ? ಸಣ್ಣದರ ಆಗಿರಬೇಕು, ಸರಿಯಾಗಿ ನೋಡ್ರಿ!"

"ನಾವು ನಾಕು ಪುಡಿಕಿ ಬಿಸ್ಕೀಟ್ ತಂದೀವಿ," ಎಂದಿತು ಹಿಂದಿನಿಂದ ಒಂದು ದನಿ.

ಎಲ್ಲರಿಗಿಂತ ಹೆಚ್ಚು ನೊಂದವನು ನೀಲಕಂಠ. "ಕಂಪ್ಯೂಟರ್ ಸುಳ್ಳ ಹೇಳಲ್ಲ ಮೇಡಂ. ನಾನ ಕೂತು ಏರಿಸೀನಿ. ಇವರ ಹೃದಯಾನ ಆಮ್ಯಾಲ ಬದಲಾಗಿರಬೇಕು."

ಡಾಕ್ಟರಮ್ಮ ಹಳೆಯ ಪಟ್ಟಿಯನ್ನೂ ಹೊಸದನ್ನೂ ಅಕ್ಕಪಕ್ಕ ಹಿಡಿದಳು. ಅವಳ ನಗು ಹೋಗಿತ್ತು. "ಪಟ್ಟಿ ಸುಳ್ಳಲ್ಲ, ನೀಲಕಂಠ. ಹೆಸರು ಸುಳ್ಳದ. ಈ ಹೃದಯ ಯಾರದೋ ಅದ. ಅಟ್ಯಾಕ್ ಆದ ಮನುಷ್ಯಾ, ತನಗ ಏನೂ ಆಗಿಲ್ಲ ಅಂತ ತಿಳ್ಕೊಂಡು ಎಲ್ಲೋ ಕೆಲಸ ಮಾಡಾಕತ್ಯಾನ. ಗುಳಿಗಿ ಇಲ್ಲ, ಆರಾಮ ಇಲ್ಲ. ಇನ್ನೊಂದು ಸಲ ಬಂದ್ರ ಉಳೀತಾನೋ ಇಲ್ಲೋ."

ಅಯ್ಯಣ್ಣ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ. ಕೈ ನಿಂತಿತು. ಹಳದಿ ವೈರು ಸುತ್ತಿದ ಟಾಯರ್ ಚಪ್ಪಲಿ ಕಣ್ಣ ಮುಂದೆ ಬಂತು. ತಾನು ಹದಿನೈದನೆಯವನಾಗಿ ಹೆಸರು ಬರೆಸಿ, ಹದಿನಾಲ್ಕನೆಯವನಾಗಿ ಒಳಗೆ ಹೋಗಿದ್ದ.

"ಹದಿನಾಕನೇ ಹೆಸರು ಯಾರದದ ನೋಡ್ರಿ," ಎಂದ ಮೆಲ್ಲಗೆ.

ನೀಲಕಂಠ ನೋಡಿದ. "ಹುಲಗಪ್ಪ. ವಯಸ್ಸು ಐವತ್ತೈದು. ಊರು ಹುಣಸಗಿ. ಏನೂ ತೊಂದರಿ ಇಲ್ಲ ಅಂತದ."

"ಫೋನ್ ನಂಬರ್ ಹೇಳು," ಎಂದು ಡಾಕ್ಟರಮ್ಮ ತನ್ನ ಮೊಬೈಲಿನಲ್ಲಿ ಒತ್ತಿದಳು. ನೀಲಕಂಠನ ಜೇಬಿನಲ್ಲಿ ಫೋನ್ ರಿಂಗಾಯಿತು.

ಎಲ್ಲರೂ ಅವನ ಜೇಬನ್ನೇ ನೋಡಿದರು. ನೀಲಕಂಠ ಬೆವರು ಒರೆಸಿಕೊಂಡ. "ನಂಬರ್ ಹಾಕ್ಲಿಲ್ಲಂದ್ರ ಕಂಪ್ಯೂಟರ್ ಮುಂದ ಹೋಗಲ್ಲರಿ. ಫೋನ್ ಇಲ್ಲ ಅಂದವರಿಗೆಲ್ಲ ನಂದೇ ಹಾಕೀನಿ."

"ಎಷ್ಟು ಮಂದಿಗಿ?"

"ಮೂವತ್ತೇಳು."

"ವಯಸ್ಸು?"

"ಗೊತ್ತಿಲ್ಲ ಅಂದವರಿಗೆ ಐವತ್ತೈದು."

"ಊರರ ಖರೇ ಅದನೋ?"

"ಅದು ತಾನ ಹುಣಸಗಿ ಅಂತ ಬರ್ತದರಿ. ನಾ ಮುಟ್ಟಿಲ್ಲ."

ಹೀಗೆ ಕಂಪ್ಯೂಟರಿನಲ್ಲಿ ಉಳಿದ ಸತ್ಯ ಒಂದೇ ಒಂದು: ಹುಲಗಪ್ಪ ಎಂಬ ಹೆಸರು. ಹುಣಸಗಿಯ ಸುತ್ತ ಆ ಹೆಸರಿನವರನ್ನು ಹುಡುಕಿದರೆ ಒಂದು ಪಂಕ್ತಿ ಊಟಕ್ಕೆ ಕೂಡಿಸಬಹುದು. "ಎಲ್ಲಾರನೂ ಹಿಡಕೊಂಡು ಬರ್ರಿ," ಎಂದಳು ಡಾಕ್ಟರಮ್ಮ.

"ನಾ ಚಪ್ಪಲಿ ಗುರ್ತು ಹಿಡೀತೀನ್ರಿ," ಎಂದ ಅಯ್ಯಣ್ಣ. ಹೇಗೆ ಗುರ್ತು, ಯಾಕೆ ಗುರ್ತು ಎಂದು ಮಲಕಮ್ಮ ಕೇಳುವುದರೊಳಗೆ ಸೈಕಲ್ ಏರಿದ್ದ. ಪಾಳಿ ಸಾಹೇಬ ತಾನೇ ಪಾಳಿ ಮುರಿದ ಎಂದು ಹೊರಬಿದ್ದರೆ ನಾಳೆಯಿಂದ ಆ ಕಾಲುವೆಯ ಮೇಲೆ ಅವನ ಮಾತಿಗೆ ಚೂರೂ ಕಿಮ್ಮತ್ತು ಇರುವುದಿಲ್ಲ. ಹೇಳದೆಯೇ ಕೆಲಸ ಮುಗಿದರೆ ಒಳ್ಳೆಯದೆಂದು ಅವನ ಲೆಕ್ಕ.

ಮೊದಲ ಹುಲಗಪ್ಪ ರಬ್ಬರ್ ಚಪ್ಪಲಿಯವನು. ಎರಡನೆಯವನು ಬೂಟು ಹಾಕುವವನು. ತನ್ನ ಕಾಲನ್ನೇ ದಿಟ್ಟಿಸುತ್ತಿದ್ದ ಗ್ಯಾಂಗ್‌ಮನ್‌ನನ್ನು ಕಂಡು, "ಹಾರ್ಟಿಂದು ತೆಲಿಗಿ ಏರ್ಯದ" ಎಂದು ಮನೆಯವರಿಗೆ ಹೇಳಿದ. ಮೂರನೆಯವನು ಚಪ್ಪಲಿಯನ್ನೇ ಹಾಕುವುದಿಲ್ಲ. ಅಯ್ಯಣ್ಣ ಸೋತು ಜಮಾಲಸಾಬನ ಬಂಡಿಯ ಮುಂದೆ ನಿಂತ.

"ಹಳದಿ ವೈರಿನ ಚಪ್ಪಲಿ?" ಜಮಾಲಸಾಬ ಭಜಿ ತೆಗೆಯುವ ಝಾರಿ ಕೆಳಗಿಟ್ಟ. "ಅಂವ ಕೊನೀ ತೂಬಿನ ಹುಲಗಪ್ಪ ಅಲ್ಲೇನ್ರಿ? ಮೆಣಸಿನಗಿಡ ಹಚ್ಯಾನ. ಈಗೀಗ ನೀರು ಬಂದಾವ ಅಂತ ಖುಷಿಯಿಂದ ಹೇಳಿ ಹೋದ. ಇವತ್ತ ಅವನ ಪಾಳಿ ಅದ ಅಂತ."

ಇವತ್ತು ಪಾಳಿ ಎಂದರೆ ಸಲಿಕೆ ಹಿಡಿದು ಬಿಸಿಲಲ್ಲಿ ಸಾಲಿನಿಂದ ಸಾಲಿಗೆ ಮಣ್ಣು ಕಡಿದು ನೀರು ತಿರುವುವುದು. ಅಯ್ಯಣ್ಣ ಜಮಾಲಸಾಬನಿಗೆ ಡಾಕ್ಟರಮ್ಮನ ಜೀಪು ಕಳಿಸಲು ಹೇಳಿ, ನಿನ್ನೆಯವರೆಗೂ ತಳ್ಳಿಕೊಂಡು ತಿರುಗುತ್ತಿದ್ದ ಸೈಕಲನ್ನು ಏರಿಯ ಮೇಲೆ ಹಾರಿಸಿಕೊಂಡು ಹೊರಟ. ದಾರಿಯಲ್ಲಿ ಕಂಡ ಜಗದೇವಪ್ಪ, "ಏ, ಹಾರ್ಟು! ಹಾರ್ಟು!" ಎಂದು ಕೂಗುತ್ತ, ಅವನು ಎಲ್ಲಿ ಬೀಳುತ್ತಾನೋ ನೋಡಲು ಆಳುಗಳ ಸಮೇತ ಮೋಟಾರ್ ಸೈಕಲ್ಲಿನಲ್ಲಿ ಬೆನ್ನುಹತ್ತಿದ.

ಕೊನೆಯ ತೂಬಿನ ಬಳಿ ಏರಿಯ ಮೇಲೆ ಟಾಯರ್ ಚಪ್ಪಲಿ ಜೋಡಿ ಬಿಟ್ಟಿತ್ತು. ಎಡಗಾಲಿಗೆ ಹಳದಿ ವೈರು. ಕೆಳಗೆ ಮೆಣಸಿನ ಹೊಲದಲ್ಲಿ ಒಬ್ಬ ಬಡಕಲು ಮನುಷ್ಯ ಸಲಿಕೆ ಎತ್ತಿ ಎತ್ತಿ ಹಾಕುತ್ತಿದ್ದ.

"ಏ ಹುಲಗಪ್ಪಾ! ಸಲಿಕಿ ಕೆಳಗ ಇಡು!" ಅಯ್ಯಣ್ಣ ಕೂಗಿದ.

ಹುಲಗಪ್ಪ ತಲೆ ಎತ್ತಿದ. ಏರಿಯ ಮೇಲೆ ಗ್ಯಾಂಗ್‌ಮನ್. ಅವನ ಹಿಂದೆ ಮೊದಲ ತೂಬಿನ ಜಗದೇವಪ್ಪ, ಆಳುಗಳು. ಅವನಿಗೆ ಬೇರೇನು ತಿಳಿಯಬೇಕು? ನೀರು ಕಿತ್ತುಕೊಳ್ಳಲು ಬಂದರು ಎಂದುಕೊಂಡು ಇಮ್ಮಡಿ ವೇಗದಿಂದ ಕಡಿಯತೊಡಗಿದ.

"ಇಡಲ್ಲ! ಪಾಳಿ ನಂದದ! ಇನ್ನಾ ಎರಡು ತಾಸದ!"

"ಪಾಳಿ ಅಲ್ಲೋ, ನಿನ್ನ ಎದಿ! ಎದಿ ಒಡೀತದ!"

"ಎದಿ ಒಡದು ಸತ್ರೂ ನೀರು ಬಿಡಲ್ಲ! ಆರು ವರ್ಷಕ್ಕ ಬಂದದ!"

ಅಯ್ಯಣ್ಣ ಬೇಡ ಎಂದಷ್ಟೂ ಅವನು ಕಡಿಯುವುದು ಹೆಚ್ಚಾಯಿತು. ಅಯ್ಯಣ್ಣ ಹೊಲಕ್ಕೆ ಇಳಿದರೆ ಅವನು ಸಲಿಕೆ ಹಿಡಿದೇ ಆಚೆಯ ಸಾಲಿಗೆ ಓಡಿದ. ಅಲ್ಲಿ ನಿಂತು ಎದೆ ತಿಕ್ಕಿಕೊಂಡು ಮತ್ತೆ ಸಲಿಕೆ ಎತ್ತಿದ. ಆ ತಿಕ್ಕಿಕೊಂಡಿದ್ದನ್ನು ನೋಡಿ ಅಯ್ಯಣ್ಣನಿಗೆ ತನ್ನ ಮಾನಮರ್ಯಾದೆಯ ಲೆಕ್ಕವೆಲ್ಲ ಮರೆತುಹೋಯಿತು. ಕೆಸರಿನಲ್ಲಿ ಮೊಣಕಾಲೂರಿ ಜಗದೇವಪ್ಪನಿಗೂ ಕೇಳುವಂತೆ ಅರಚಿದ:

"ನಾ ಪಾಳಿ ಮುರದೀನೋ ಮಾರಾಯಾ! ನೀರಿಂದಲ್ಲ, ಚಪ್ಪಲೀದು! ತಪಾಸಣೆ ದಿನ ನಿನ್ನ ಚಪ್ಪಲಿ ಹಿಂದ ಸರಿಸಿ ನಾ ಮುಂದ ಹೋದೆ. ನಿನ್ನ ಹಾರ್ಟ್ ಅಟ್ಯಾಕ್ ನನ್ನ ಹೆಸರಿಗಿ ಬಂದದ! ಬ್ಯಾನಿ ನಿಂದು, ಬಿಸ್ಕೀಟ್ ನಾ ತಿಂದೀನಿ!"

ಸಲಿಕೆ ಗಾಳಿಯಲ್ಲೇ ನಿಂತಿತು. ಏರಿಯ ಮೇಲೆ ಜಗದೇವಪ್ಪ ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದು, "ಪಾಳಿ ಸಾಹೇಬ್ರು ಪಾಳಿ ಮುರದಾರ!" ಎಂದ. ಹತ್ತು ವರ್ಷದಿಂದ ಆ ವಾಕ್ಯಕ್ಕಾಗಿ ಕಾದವನ ಹಾಗಿತ್ತು ಅವನ ಮುಖ.

ಅಯ್ಯಣ್ಣ ಅತ್ತ ತಿರುಗಲಿಲ್ಲ. ಹುಲಗಪ್ಪನ ಕೈಯಿಂದ ಸಲಿಕೆ ತೆಗೆದುಕೊಂಡ. "ಪಾಳಿ ನಿಂದೇ ಅದ. ನೀರು ನಾ ಹಾಯಸ್ತೀನಿ. ನೀ ಮೊದಲ ಕೂಡು."

ಜೀಪು ಬಂತು. ಏರಿಯ ಮೇಲೆಯೇ ಡಾಕ್ಟರಮ್ಮ ಹುಲಗಪ್ಪನಿಗೆ ವೈರು ಹಚ್ಚಿದಳು. ಮೂರು ವಾರದ ಹಿಂದಿನ ಪಟ್ಟಿಯ ಗುರುತುಗಳೆಲ್ಲ ಇದರಲ್ಲೂ ಇದ್ದವು. "ಇದ ಹೃದಯ," ಎಂದಳು. "ಕಲಬುರಗಿಗಿ ಈಗ್ಲೇ ಹೋಗಬೇಕು." ಗುಳಿಗೆ ನುಂಗಿಸಿ, ಅವನನ್ನು ಜೀಪಿನಲ್ಲಿ ಕೂಡಿಸಿದರು.

ಹುಲಗಪ್ಪ ಕಿಟಕಿಯಿಂದ ಅಯ್ಯಣ್ಣನನ್ನು ಕರೆದ. "ಸಾಹೇಬ್ರ, ಆವತ್ತ ನಾ ಮಲಗಿದ್ದಿಲ್ಲ. ಟವೆಲ್ ಸಂದಿಯಿಂದ ನೀವು ಚಪ್ಪಲಿ ಸರಸೋದು ನೋಡೀನಿ."

"ಮತ್ತ ಯಾಕೋ ಸುಮ್ಮ ಕುಂತಿ?"

"ಪಾಳಿ ಇಡೋರೇ ನೀವು. ಏನರ ಕಾಯ್ದೆ ಇರಬೇಕು ಅಂತ ಸುಮ್ಮನಾದೆ."

ಜೀಪು ಹೋಯಿತು. ಅಯ್ಯಣ್ಣ ಉಳಿದ ಎರಡು ತಾಸು ಸಲಿಕೆ ಬಿಡಲಿಲ್ಲ. ಅವನ ಕಣ್ಣಿಂದ ಇಳಿದಿದ್ದು ಬೆವರೆಂದು ಜಗದೇವಪ್ಪನ ಆಳುಗಳು ತಿಳಿದರು. ಅದು ಬೆವರಾಗಿರಲಿಲ್ಲ.

ಹುಲಗಪ್ಪನಿಗೆ ಕಲಬುರಗಿಯಲ್ಲಿ ಹೃದಯದ ರಕ್ತನಾಳಕ್ಕೆ ಎರಡು ಸ್ಪ್ರಿಂಗ್ ಹಾಕಿದರು. ಇನ್ನೊಂದು ವಾರ ಸಲಿಕೆ ಹಿಡಿದಿದ್ದರೆ ಮಾತೇ ಬೇರೆಯಿತ್ತಂತೆ. ಹದಿನೈದನೇ ದಿನ ಅವನು ನಗುತ್ತ ಬಸ್ಸಿನಿಂದ ಇಳಿದಾಗ ಅಯ್ಯಣ್ಣನ ಎದೆಯಿಂದ ಇಳಿದ ಭಾರವನ್ನು ಯಾವ ಮಿಷಿನ್ನೂ ಅಳೆಯಲಾರದು. ಮಲಕಮ್ಮ ಉಪ್ಪಿನ ಡಬ್ಬಿ ವಾಪಸು ತಂದಳು. ಅಂಬವ್ವ ದೋರನಹಳ್ಳಿಯಲ್ಲಿ, ತನ್ನ ತಮ್ಮ ಒಬ್ಬನ ಜೀವ ಉಳಿಸಿದ ಎಂದು ಮೊದಲಿಗಿಂತ ಜೋರಾಗಿ ಹೇಳಿಕೊಂಡು ಬಂದಳು.

ಕಾಲುವೆಯ ಮೇಲೆ ಮಾತ್ರ ಮಾನ ಹೋಗಿದ್ದು ಹೋಯಿತು. ಈಗ ರೈತರು ತೂಬಿನ ಮುಂದೆ ಚಪ್ಪಲಿ ಸಾಲಾಗಿ ಬಿಟ್ಟು, "ಸಾಹೇಬ್ರ, ನಂದೊಂದೀಟು ಮುಂದ ಸರಸ್ರಿ" ಎನ್ನುತ್ತಾರೆ. ಅಯ್ಯಣ್ಣ ಸಿಟ್ಟಾಗುವುದಿಲ್ಲ. ಆದರೆ ಅವನೀಗ ಕೊನೆಯ ತೂಬಿನಿಂದ ಶುರುಮಾಡಿ ಮೇಲಕ್ಕೆ ಬರುತ್ತಾನೆ. ಹದಿನೇಳಕ್ಕೆ ನೀರು ಮುಟ್ಟಿದ್ದನ್ನು ಕಣ್ಣಾರೆ ನೋಡದೆ ಒಂದನೆಯದರ ಹತ್ತಿರ ಸುಳಿಯುವುದಿಲ್ಲ.

ಇನ್ನು ಕಂಪ್ಯೂಟರಿನ ಸುದ್ದಿ. ದಾಖಲೆ ತಿದ್ದಬೇಕೆಂದರೆ ಕಾರಣ ಹೇಳು ಎಂದಿತು ಅದು. ಕೊಟ್ಟ ಕಾರಣಗಳಲ್ಲಿ ಯಾವುದೂ ಹೊಂದದೆ ನೀಲಕಂಠ 'ಇತರೆ' ಎಂಬುದನ್ನು ಒತ್ತಿ, ಎದುರಿಗೆ 'ಚಪ್ಪಲಿ' ಎಂದು ಬರೆದ. ಹೆಸರುಗಳು ಅದಲುಬದಲಾದವು. ಫೋನ್ ನಂಬರು ಮಾತ್ರ, ಹುಲಗಪ್ಪನಿಗೆ ಫೋನೇ ಇಲ್ಲವಾದ್ದರಿಂದ, ಅಯ್ಯಣ್ಣನದೇ ಉಳಿಯಿತು. ಹಾಗಾಗಿ ದಿನಾ ಮುಂಜಾನೆ ಎಂಟಕ್ಕೆ ಅವನ ಮೊಬೈಲಿಗೆ ಒಬ್ಬ ಹೆಣ್ಣುಮಗಳ ದನಿ ಬರುತ್ತದೆ: "ನೀವು ಇಂದಿನ ಹೃದಯದ ಮಾತ್ರೆ ತೆಗೆದುಕೊಂಡಿದ್ದೀರಾ? ಹೌದು ಎಂದಾದರೆ ಒಂದನ್ನು ಒತ್ತಿ."

ತೆಗೆಸಿಬಿಡುತ್ತೇನೆ ಎಂದ ನೀಲಕಂಠನಿಗೆ ಅಯ್ಯಣ್ಣ ಬೇಡವೆಂದ. ಎಂಟಕ್ಕೆ ಹತ್ತು ನಿಮಿಷ ಮೊದಲೇ ಅವನ ಸೈಕಲ್ ಕೊನೆಯ ತೂಬಿನ ಬಳಿ ನಿಂತಿರುತ್ತದೆ. ಫೋನ್ ರಿಂಗಾದ ಕೂಡಲೇ, "ಹುಲಗಪ್ಪಾ, ಆಕಿ ಬಂದಾಳ, ಗುಳಿಗಿ ತಗೋ" ಎಂದು ಕೂಗುತ್ತಾನೆ. ಹುಲಗಪ್ಪ ಮೆಣಸಿನ ಸಾಲಿನಿಂದ ಎದ್ದು ಬಂದು, ಗುಳಿಗೆ ಬಾಯಿಗೆ ಹಾಕಿ, ನೀರು ಕುಡಿದು, ಬಾಯಿ ತೆರೆದು ತೋರಿಸುತ್ತಾನೆ. ಅಯ್ಯಣ್ಣ ಬಗ್ಗಿ ನೋಡಿ, ಗುಳಿಗೆ ಹೋಗಿದೆ ಎಂದು ಖಾತ್ರಿಯಾದ ಮೇಲೆಯೇ ಒಂದನ್ನು ಒತ್ತುತ್ತಾನೆ.